ಆಲೋಚನೆಯೂ ಅರಿವೂ

ತಪ್ಪೇ ಮನುಷ್ಯನಿಗೆ ಗುರುವೆಂದು ಹೇಳುವ ವಾಡಿಕೆಯುಂಟು. ಆದರೆ ಕೇವಲ ತಪ್ಪಿನಿಂದಲೇ ಜ್ಞಾನ ಬರುವುದಾಗಿದ್ದರೆ, ಅನಾದಿಕಾಲದಿಂದ ತಪ್ಪುತ್ತಲೇ ಬಂದಿರುವ ಈ ಸಂಸಾರಿ ಜೀವನು ಎಂದೋ ಸರ್ವಜ್ಞನಾಗಬೇಕಾಗಿತ್ತು. ಹಾಗಾದರೆ ತಪ್ಪು ಅರಿವಾಗಿ ಮಾರ್ಪಡುವುದು ಯಾವಾಗ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ 9 ಭೇದಗಳನ್ನು ಹೇಳಿ, ಆಲೋಚನೆಯನ್ನು ಮೊದಲಿಗಿಟ್ಟಿದ್ದಾರೆ. ನಾವು ದಿನಬಳಕೆಯಲ್ಲಿ ಆಲೋಚನೆಯೆಂದರೆ ವಿಚಾರ ಮಾಡುವುದು ಎನ್ನುತ್ತೇವೆ. ಆಗಮದಲ್ಲಿ ಅದಕ್ಕೆ ಗುರುಗಳ ಸನ್ನಿಧಿಯಲ್ಲಿ ತನ್ನ ದೋಷವನ್ನು ಮುಚ್ಚುಮರೆಯಿಲ್ಲದೆ ನಿವೇದಿಸುವುದೆಂದು ಅರ್ಥ. ಆ ನಿವೇದನೆಗೂ 10 ದೋಷಗಳುಂಟೆಂದು ಭಗವತೀ ಆರಾಧನೆಯು ಎಚ್ಚರಿಸುತ್ತದೆ. ಅನ್ಯರ ಕಣ್ಣಿಗೆ ಬಿದ್ದುದನ್ನು ಮಾತ್ರ ಒಪ್ಪಿಕೊಳ್ಳುವುದು ಒಂದು ದೋಷ; ದೊಡ್ಡದನ್ನು ಮರೆಸಿ ಸಣ್ಣದನ್ನಷ್ಟೇ ಹೇಳುವುದು ಇನ್ನೊಂದು.

ಈ ಎರಡನೆಯದರ ಪರಿಚಯ ನನಗೆ ಗ್ರಂಥದಿಂದ ಆದುದಲ್ಲ. ಬೆಂಗಳೂರಿನ ಪೂರ್ವದ ಅಂಚಿನ ಕುಂದಲಹಳ್ಳಿಯಲ್ಲಿ ನಮ್ಮ ವಾಸ. ಒಂದು ವರ್ಷ ಅನಂತ ಚತುರ್ದಶಿಯಂದು ಉಪವಾಸದ ಸಂಕಲ್ಪ ಮಾಡಿ ಕಚೇರಿಗೆ ಹೋದೆ. ಸಹೋದ್ಯೋಗಿಯೊಬ್ಬರು ಮಗಳ ಹುಟ್ಟುಹಬ್ಬವೆಂದು ಸಿಹಿ ಹಂಚಿದರು. ಮಾತಿನ ಭರದಲ್ಲಿ ತಿಂದುಬಿಟ್ಟೆ. ನೆನಪಾದದ್ದು ಸಂಜೆ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿಯುವಾಗ. ಮನೆಯಲ್ಲಿ ತಾಯಿಯವರು ವಿಚಾರಿಸಿದಾಗ, ‘ಬಾಯಾರಿ ಒಂದು ಲೋಟ ನೀರು ಕುಡಿದೆನಮ್ಮಾ’ ಎಂದಷ್ಟೇ ಹೇಳಿದೆ. ದಶಲಕ್ಷಣ ಪರ್ವದ ಮೂರನೆಯ ದಿನ ಉತ್ತಮ ಆರ್ಜವವನ್ನು ಪೂಜಿಸಿದ್ದವನು ಅದೇ ಪರ್ವದ ಕಡೆಯ ದಿನ ಹೀಗೆ ಮಾಯಾಚಾರಕ್ಕಿಳಿದೆ.

ಮರುದಿನ ತಾಯಿಯವರು ಪಾರಣೆಗೆ ಅಣಿಮಾಡಿ, ಆದರದಿಂದ ಮಣೆ ಹಾಕಿ ಕರೆದರು. ನನಗೆ ಕುಳಿತುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉಪವಾಸವಿದೆಯೆಂದು ಅಲ್ಲಿ ಯಾರಿಗೂ ಹೇಳಿರಲಿಲ್ಲವೇನಪ್ಪಾ?’ ಎಂದು ಕೇಳಿದರು. ಹೇಳಿರಲಿಲ್ಲ, ನಾಚಿಕೆಯಾಗಿತ್ತು. ಆ ಪ್ರಶ್ನೆಯಿಂದ ನನ್ನ ಕಣ್ಣು ತೆರೆಯಿತು. ವ್ರತವನ್ನು ಹೊರಗಿನವರಿಂದ ಮರೆಮಾಡಿದ್ದೆ. ಅದು ನನ್ನಿಂದಲೇ ಮರೆಯಾಯಿತು. ಬಳಿಕ ವ್ರತಭಂಗವನ್ನು ಮನೆಯವರಿಂದ ಮರೆಮಾಡಿದೆ. ಎರಡಕ್ಕೂ ಬೇರು ಒಂದೇ: ಇತರರ ಕಣ್ಣಿನಲ್ಲಿ ನಾನು ಹೇಗೆ ಕಾಣುವೆನೆಂಬ ಮಾನಕಷಾಯ. ಪ್ರೋಷಧೋಪವಾಸದ 5 ಅತಿಚಾರಗಳಲ್ಲಿ ‘ಸ್ಮೃತ್ಯನುಪಸ್ಥಾನ’, ಅಂದರೆ ನೆನಪು ತಪ್ಪುವುದೂ ಒಂದು. ನನ್ನದು ಅತಿಚಾರವೋ ವ್ರತಭಂಗವೋ ಎಂಬುದನ್ನು ಗುರುಗಳೇ ನಿರ್ಣಯಿಸಬೇಕು. ಆದರೆ ಮುಚ್ಚಿಟ್ಟಿದ್ದರೆ ಆ ಬೇರು ನನಗೆ ಎಂದಿಗೂ ಕಾಣುತ್ತಿರಲಿಲ್ಲವೆಂಬುದು ನಿಶ್ಚಯ.

ಜನ್ನಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಅಲ್ಲಿ ಕೊಲೆಯಾದ ಪ್ರಾಣಿಯಿಲ್ಲ; ಕೊಲ್ಲುವ ಸಂಕಲ್ಪವಿತ್ತು. ತಾಯಿ ಮಗ ಇಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲಿ, ಕೊನೆಗೆ ಅಭಯರುಚಿ, ಅಭಯಮತಿಯರಾಗಿ ಹುಟ್ಟಿದರು. ಮಾರಿದತ್ತನ ಬಲಿಪೀಠದೆದುರು ನಿಂತಾಗ ಆ ಮಕ್ಕಳು ಪ್ರಾಣಭಿಕ್ಷೆ ಬೇಡಲಿಲ್ಲ. ತಾವು ಹಿಂದೆ ಮಾಡಿದ ತಪ್ಪಿನ ಕಥೆಯನ್ನು ಇದ್ದಂತೆಯೇ ಹೇಳಿದರು. ಅದನ್ನು ಕೇಳಿ ಅರಸನು ಹಿಂಸೆಯನ್ನು ತೊರೆದನು. ಜನ್ಮಜನ್ಮಾಂತರಗಳಲ್ಲಿ ದುಃಖವನ್ನಷ್ಟೇ ಕೊಟ್ಟಿದ್ದ ಆ ತಪ್ಪು, ಬಾಯಿಬಿಟ್ಟು ಹೇಳಿದ ದಿನ ಅನೇಕ ಜೀವಗಳನ್ನು ಉಳಿಸಿತು.

ಧರ್ಮಬಂಧುಗಳೇ, ವ್ರತದಲ್ಲಿ ಎಡವಿದವರು ವ್ರತವನ್ನೇ ಬಿಡಬೇಕಾಗಿಲ್ಲ. ಎಡವಿಲ್ಲವೆಂದು ನಟಿಸಲೂ ಬೇಕಾಗಿಲ್ಲ. ಮಕ್ಕಳು ತಪ್ಪನ್ನು ಹೇಳಿಕೊಂಡು ಬಂದಾಗ ನಾವು ಹಿರಿಯರು ಗದರಿದರೆ, ಮುಂದಿನ ಸಲ ಅವರು ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದನ್ನು ಕಲಿಯುತ್ತಾರೆ. ಅಂದು ನನ್ನ ತಾಯಿಯವರು ಗದರಲಿಲ್ಲ. ಈಗ ಚತುರ್ದಶಿಯ ಬೆಳಗ್ಗೆ ಕಚೇರಿಯಲ್ಲಿ, ‘ಇಂದು ನನಗೆ ಉಪವಾಸ’ ಎಂದು ಮೊದಲೇ ತಿಳಿಸುತ್ತೇನೆ. ಸಿಹಿ ಹಂಚುವವರು ನನ್ನ ಪಾಲನ್ನು ಮರುದಿನಕ್ಕೆ ಎತ್ತಿಡುತ್ತಾರೆ.