ಎದುರಾಳಿಯ ಆಯ್ಕೆ

ನನ್ನ ಅಕ್ಕನ ಮಗ ಹೈದರಾಬಾದಿನ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಪೋಕರ್ ಆಡುತ್ತಾನೆ. ಬಿಟ್ಟಿ ಚಿಪ್ಸಿನ ಆಟ, ದುಡ್ಡಿಲ್ಲ. ತೆಲಂಗಾಣ 2017ರಲ್ಲೇ ಆನ್‌ಲೈನ್ ಹಣದಾಟವನ್ನು ನಿಷೇಧಿಸಿತು; 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೇ ಅಂಥ ಕಾನೂನು ಮಾಡಿತು. ಮೊನ್ನೆ ಅವನು ಅಂದ: “ಮಾಮಾ, ಎಲಿ ಹ್ಯಾಂಗರ ಬೀಳಲಿ, ಎದುರಿಗೆ ಯಾರು ಕುಂತಾರ ಅನ್ನೋದರಾಗ ಅರ್ಧ ಗೆಲುವು ಅದ. ಫೋಲ್ಡ್ ಮಾಡದ ಬರೇ ಕಾಲ್ ಮಾಡ್ಕೋತ ಕೂಡೋರು ಸಿಕ್ಕರ ಆ ಟೇಬಲ್ ಬಿಟ್ಟು ಏಳಬಾರದು.”

ಫೋಲ್ಡ್ ಎಂದರೆ ಎಲೆ ಬಿಟ್ಟು ಹಿಂದೆ ಸರಿಯುವುದು, ಕಾಲ್ ಎಂದರೆ ಎದುರಿನವರ ಪಣಕ್ಕೆ ಸಮನಾಗಿ ಕಟ್ಟುವುದು. ಲೆಕ್ಕದಲ್ಲಿ ಅವನ ಮಾತು ಸರಿ. ಪೋಕರಿನಲ್ಲಿ ಆಟಗಾರರು ಒಬ್ಬರ ಚಿಪ್ಸನ್ನು ಒಬ್ಬರು ಗೆಲ್ಲುತ್ತಾರೆ. ಎದುರಿನವನ ಅರಿವುಗೇಡೇ ನನ್ನ ಗಳಿಕೆ. ಆದರೆ ಧರ್ಮದಲ್ಲಿ ಇದು ಸರಿಯೆ?

ಕಾಚಿಗುಡದ ಕನ್ನಡದವರ ನಡುವೆ ಭಾರತ ಕೇಳುತ್ತ ಬೆಳೆದವನು ನಾನು. ಸಭಾಪರ್ವದಲ್ಲಿ ಶಕುನಿ ದುರ್ಯೋಧನನಿಗೆ ಕೊಡುವ ಸಲಹೆಯೂ ಇದೇ. ಪಾಂಡವರನ್ನು ಯುದ್ಧದಲ್ಲಿ ಗೆಲ್ಲಲಾಗದು. ಆದರೆ ಧರ್ಮರಾಯನಿಗೆ ಜೂಜೆಂದರೆ ಪ್ರೀತಿ, ಆಡಲು ಬಾರದು, ಕರೆದರೆ ಇಲ್ಲವೆನ್ನಲಾರ. ಶಕುನಿಯ ದಾಳ ಅವನ ಅಪ್ಪನ ಎಲುಬಿನದು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ, ಆದರೆ ಅದು ವ್ಯಾಸಭಾರತದಲ್ಲಿಲ್ಲ. ದಾಳ ಉರುಳುವ ಮೊದಲೇ, ಸೋಲುವವನನ್ನು ಹುಡುಕಿದ ಆ ಗಳಿಗೆಯಲ್ಲೇ ಅಧರ್ಮ ನಡೆದುಹೋಗಿತ್ತು ಎಂಬುದು ನನ್ನ ನಂಬಿಕೆ.

ಧರ್ಮರಾಯನ ತಪ್ಪೂ ಎದುರಾಳಿಯ ವಿಷಯದಲ್ಲೇ ಆದದ್ದು. ಪಣ ನನ್ನದು, ಆಡುವವನು ಮಾವ ಎಂದು ದುರ್ಯೋಧನ ಹೇಳಿದಾಗ, ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಧರ್ಮರಾಯ ಬಾಯಿಬಿಟ್ಟು ಹೇಳಿದ. ಹೇಳಿಯೂ ಕುಳಿತ. ಏಳಬೇಕಿತ್ತು. ದ್ರೌಪದಿಯ ದುಃಖವನ್ನು ನೆನೆದಾಗಲೆಲ್ಲ ನನಗೆ ಈ ಗಳಿಗೆಯೇ ಕಣ್ಣಿಗೆ ಕಟ್ಟುತ್ತದೆ.

ಪೋಕರ್ ಕೌಶಲದ ಆಟವಲ್ಲವೇ ಎಂದು ಕೇಳುವವರಿದ್ದಾರೆ. ಆ ವಾದಕ್ಕೆ ನಮ್ಮ ಸಿಕಂದರಾಬಾದಿನಲ್ಲೇ ಬೇರಿದೆ. ಇಲ್ಲಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಿದ್ದ ಎಲೆಗಳನ್ನು ನೆನಪಿಡಬೇಕಾದ ರಮ್ಮಿ ಹೆಚ್ಚಾಗಿ ಕೌಶಲದ ಆಟ ಎಂದಿತು. 1968ರ ಕಾನೂನು ವರದಿಗಳಲ್ಲಿ ಆ ತೀರ್ಪಿದೆ. 2025ರ ಕಾನೂನು ಮಾತ್ರ ಹಣದಾಟದಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನೇ ಎಣಿಸಲಿಲ್ಲ. ಕೌಶಲವಿದ್ದಷ್ಟೂ ಹೊಣೆ ಹೆಚ್ಚು ಎನ್ನುವವನು ನಾನು. ಬರೀ ಅದೃಷ್ಟದ ಆಟದಲ್ಲಿ ಬಲ್ಲವನೂ ಬಾರದವನೂ ಒಂದೇ. ಕೌಶಲದ ಆಟದಲ್ಲಿ, ಇವನು ಸೋಲುತ್ತಾನೆಂದು ತಿಳಿದೇ ನಾನು ಅವನೆದುರು ಕೂತಿರುತ್ತೇನೆ.

ಈ ಹೊಣೆ ಅರಿತವನೂ ಭಾರತದಲ್ಲೇ ಇದ್ದಾನೆ. ವನವಾಸದಲ್ಲಿ ಬೃಹದಶ್ವ ಮುನಿ ಧರ್ಮರಾಯನಿಗೆ ನಳನ ಕಥೆ ಹೇಳಿ, ದಾಳದ ಗುಟ್ಟಾದ ಅಕ್ಷಹೃದಯವನ್ನೂ ಕಲಿಸಿದ. ಋತುಪರ್ಣನಿಂದ ಅದೇ ವಿದ್ಯೆ ಕಲಿತು ಬಂದ ನಳ, ಹಿಂದೆ ತನ್ನನ್ನು ಸೋಲಿಸಿದ್ದ ತಮ್ಮ ಪುಷ್ಕರನನ್ನು ಮತ್ತೆ ಜೂಜಿಗೆ ಕರೆದ. ಈಗ ಬಲ ನಳನದೇ. ಗೆದ್ದ; ಆದರೆ ಪುಷ್ಕರನ ಪಾಲನ್ನು ಅವನಿಗೇ ಬಿಟ್ಟುಕೊಟ್ಟು, ಪ್ರೀತಿಯಿಂದ ಕಳಿಸಿದ. ಶಕುನಿಗೂ ನಳನಿಗೂ ಇರುವ ಅಂತರ ಇಷ್ಟೇ, ಮತ್ತು ಅದು ಸಣ್ಣದಲ್ಲ.

ಅಳಿಯನಿಗೆ ನಾನು ಹೇಳಿದ್ದು: ನಿನ್ನನ್ನು ಸೋಲಿಸಬಲ್ಲವರ ಜೊತೆ ಆಡು, ಇಲ್ಲವೇ ರಾಯಚೂರಿನ ನಿನ್ನ ಅಣ್ಣತಮ್ಮಂದಿರ ಜೊತೆ ಆಡು. ಬಾರದವನು ಬಂದು ಕೂತರೆ, ಯಾಕೆ ಸೋತೆ ಎಂದು ಆಟ ಮುಗಿದ ಮೇಲೆ ಅವನಿಗೆ ತಿಳಿಸಿಕೊಡು. ಮನೆಯಲ್ಲಿ ಆಡುವ ಹುಡುಗರಿದ್ದರೆ, ನೀವೂ ಇಷ್ಟನ್ನು ಅವರಿಗೆ ಹೇಳಿ.