ಹಿರಿಯರ ಮನೆಯನ್ನು ಹೊಕ್ಕು ಬಾಳುವ ಬಗೆ



ಹೊಸ ಮನೆಯನ್ನು ಕಟ್ಟಿಸುವವನಿಗೆ ಹಣದ ಚಿಂತೆ. ಹಳೆಯ ಮನೆಯನ್ನು ಹೊಕ್ಕು ಬಾಳುವವನಿಗೆ ಮನದ ಚಿಂತೆ. ಹೊಸ ಮನೆಯು ನಮ್ಮ ಇಚ್ಛೆಯಂತೆ ಮೇಲೇಳುತ್ತದೆ. ಹಳೆಯ ಮನೆಯಾದರೋ ನಮ್ಮನ್ನೇ ತನಗೆ ಹೊಂದಿಕೊಳ್ಳಿರೆಂದು ಕೇಳುತ್ತದೆ. ಪಟ್ಟಣದ ಬಾಡಿಗೆ ಮನೆಯಲ್ಲಿ ಹಲವು ವರುಷ ಕಳೆದು, ಉದ್ಯೋಗ ತೀರಿದ ಮೇಲೆಯೋ, ಮುಪ್ಪಿನ ತಾಯಿಯನ್ನು ನೋಡಿಕೊಳ್ಳುವ ಸಲುವಾಗಿಯೋ, ಊರಿನ ಮನೆಗೆ ಮರಳುವ ಸಂಸಾರಗಳು ನಮ್ಮಲ್ಲಿ ಹಲವಿವೆ. ಅಂತಹ ಗೃಹಸ್ಥ ಭಕ್ತರನ್ನು ಕುರಿತು ಈ ನಾಲ್ಕು ಮಾತುಗಳು.

ಮನೆ ಹೊಗುವ ಮುನ್ನ ಬಹು ಜನರು ಕೇಳುವ ಮೊದಲ ಪ್ರಶ್ನೆ, ಬಾಗಿಲು ಯಾವ ದಿಕ್ಕಿಗಿದೆ, ಒಲೆ ಯಾವ ಮೂಲೆಯಲ್ಲಿದೆ ಎಂಬುದು. ತಿಥಿ ವಾರ ನಕ್ಷತ್ರಗಳ ಅಂಜಿಕೆಯಿಂದ ಶರಣರು ನಮ್ಮನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಿಡಿಸಿದರು. ಆದರೂ ಆ ಅಂಜಿಕೆಯನ್ನು ನಾವು ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಕರೆದುಕೊಂಡಿದ್ದೇವೆ. ಸಾಲ ಮಾಡಿ ಅಡುಗೆಮನೆಯ ದಿಕ್ಕನ್ನು ತಿರುಗಿಸುವವನು ತೊಲೆಯ ತುದಿಯನ್ನು ಮುಟ್ಟಿ ನೋಡುವುದಿಲ್ಲ. ತೊಲೆಯು ಗೋಡೆಯೊಳಗೆ ಹೊಕ್ಕ ಕಡೆಯಲ್ಲಿ ತೇವ ನಿಂತು ಮರವು ಮೊದಲು ಅಲ್ಲಿಯೇ ಕೊಳೆಯುತ್ತದೆ, ಗೆದ್ದಲೂ ಅಲ್ಲಿಯೇ ಹತ್ತುತ್ತದೆ. ಮಣ್ಣಿನ ಮಾಳಿಗೆಯಿದ್ದರೆ ಮಳೆಗಾಲಕ್ಕೆ ಮೊದಲು ಅದರ ಬಿರುಕು ಮುಚ್ಚಿಸಿ ಮೇಲುಮಣ್ಣು ಹಾಕಿಸಬೇಕು. ಮಕ್ಕಳು ಮಲಗುವ ಕೋಣೆಯ ಮೇಲಿನ ಜಂತಿಯನ್ನು ಗಟ್ಟಿ ಮಾಡಿಸುವುದೇ ನಿಜವಾದ ಶಾಂತಿಕರ್ಮ.

ಇನ್ನೊಂದು ಮಾತು. ಮಣ್ಣಿನ ಹಳೆಯ ಗೋಡೆಯು ತೇವವನ್ನು ಹೀರುತ್ತದೆ, ಬಿಸಿಲಿಗೆ ಅದನ್ನು ಬಿಟ್ಟುಕೊಡುತ್ತದೆ. ಸುಣ್ಣದ ಗಾರೆಯು ಇದಕ್ಕೆ ಅಡ್ಡಿ ಬಾರದು. ಅಂದವಾಗಲೆಂದು ಅದರ ಮೇಲೆ ಸಿಮೆಂಟು ಬಳಿದರೆ ತೇವವು ಒಳಗೇ ಸಿಕ್ಕಿಬಿದ್ದು, ಕೆಲವು ಮಳೆಗಾಲಗಳಲ್ಲಿ ಗಾರೆ ಹೊಪ್ಪಳಿಕೆಯೆದ್ದು ಕಳಚುತ್ತದೆ, ಒಳಗಿನ ಮಣ್ಣೂ ಸಡಿಲುತ್ತದೆ. ಹಳೆಯ ಮನೆಯಲ್ಲಿರುವ ಹಿರಿಯರ ಮನಸ್ಸೂ ಹೀಗೆಯೇ. ಐವತ್ತು ವರುಷ ಆ ಪಡಸಾಲೆಯನ್ನು ಗುಡಿಸಿದ ಅತ್ತೆಯು, ಎಣ್ಣೆಯ ಗಡಿಗೆ ಎಲ್ಲಿರಬೇಕು, ಲಿಂಗಪೂಜೆಗೆ ಮಣೆ ಎಲ್ಲಿ ಹಾಕಬೇಕು ಎಂದು ಹೇಳಿದಾಗ, ಬಂದ ದಿನವೇ ಸೊಸೆಯು ಎಲ್ಲವನ್ನೂ ಹೊಸ ಏರ್ಪಾಟಿನಿಂದ ಮುಚ್ಚಿದರೆ, ಆಡದ ಮಾತು ಒಳಗೇ ನಿಂತು ಮನೆಯನ್ನು ಕೊರೆಯುತ್ತದೆ. ಹಾಗೆಂದು ಸೊಸೆಯು ಹೊಗೆಯಲ್ಲಿಯೇ ಬೇಯಬೇಕೆಂದಲ್ಲ. ಬೆಳಕಿಂಡಿಯನ್ನು ಅಗಲಿಸಬೇಕು, ಒಲೆಯ ಬದಲು ಗ್ಯಾಸು ಬರಬೇಕು. ಆದರೆ ಕೇಳಿ ಮಾಡಬೇಕು. ಅತ್ತೆಯೂ ನೆನೆಯಬೇಕು: ತಾನೂ ಒಂದು ದಿನ ಈ ಹೊಸ್ತಿಲನ್ನು ಹೊಸಬಳಾಗಿಯೇ ದಾಟಿದವಳು. ನೀರು, ಕಸ, ಅಡುಗೆಗಳ ದುಡಿಮೆ ಹೆಂಗಸರದು, ಕಟ್ಟೆಯ ಮೇಲಣ ಮಾತು ಗಂಡಸರದು ಎಂಬ ಹಂಚಿಕೆಯು ಕಾಯಕದ ಹಂಚಿಕೆಯಲ್ಲ.

ಇಷ್ಟೆಲ್ಲ ಸರಿಹೋದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದೇ ದೊಡ್ಡದು. ಈ ಮನೆ ಯಾರದು?

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ತಿಳಿದುದೇ. ಕಲ್ಯಾಣದಲ್ಲಿ ಮಹಾಮನೆಯ ಮುಂದೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಸತಿ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಅದು ಕಳವಿನ ಅಕ್ಕಿಯಲ್ಲ. ಆದರೂ ತಮ್ಮ ಪಾಲಿಗೆ ಮೀರಿದ್ದು ತಮ್ಮದಲ್ಲವೆಂದು ಆ ತಾಯಿ ಅರಿತಿದ್ದರು.

ಹಿರಿಯರ ಮನೆಯನ್ನು ಹೊಗುವ ಅಣ್ಣತಮ್ಮಂದಿರು ಈ ತಾಯಿಯ ಮುಂದೆ ನಿಂತು ಕೇಳಿಕೊಳ್ಳಲಿ: ಇದರಲ್ಲಿ ನಮ್ಮ ಅಕ್ಕತಂಗಿಯರ ಪಾಲೆಷ್ಟು? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ ಲಿಂಗಾಯತರಿಗೂ ಅನ್ವಯಿಸುತ್ತದೆಂದು ಅದರಲ್ಲಿಯೇ ಹೇಳಿದೆ. ಕರ್ನಾಟಕವು 1994ರಲ್ಲಿ ಹೆಣ್ಣುಮಕ್ಕಳಿಗೆ ದಾಯಭಾಗದ ದಾರಿ ತೆರೆಯಿತು. 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಬಂದಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆದರೂ ಎಷ್ಟೋ ಮನೆಗಳಲ್ಲಿ, ಹಬ್ಬಕ್ಕೆ ಬಂದ ಮಗಳಿಗೆ ಸೀರೆ ಕುಪ್ಪಸ ಉಡಿಸಿ, ಅರಿಶಿನ ಕುಂಕುಮವಿಟ್ಟು, ಹಕ್ಕುಬಿಡುಗಡೆಯ ಪತ್ರಕ್ಕೆ ಅವಳ ಸಹಿ ಪಡೆಯುತ್ತಾರೆ. ತವರು ತಪ್ಪೀತೆಂಬ ಅಂಜಿಕೆಯಿಂದ ಅವಳು ಬರೆದುಕೊಡುತ್ತಾಳೆ. ಅಂಜಿ ಕೊಟ್ಟುದು ದಾನವಲ್ಲ. ಅಂಜಿಸಿ ಕೊಂಡುದು ಪ್ರಸಾದವಲ್ಲ. ಅವಳು ಅರಿತು, ಒಲಿದು ಬಿಟ್ಟುಕೊಟ್ಟರೆ ಆ ಮಾತು ಬೇರೆ. ಕೇಳಿದರೆ ಕೊಡುವೆವೆಂದು ಸುಮ್ಮನಿರುವುದೂ ಸಲ್ಲದು. ಲಕ್ಕಮ್ಮನವರು ಯಾರೂ ಕೇಳುವ ಮುನ್ನವೇ ಹಿಂದಕ್ಕೆ ಕಳಿಸಿದರು.

ಪಾಳುಬಿದ್ದ ಮನೆಯನ್ನು ದೃಷ್ಟಾಂತವಾಗಿಟ್ಟು, ಒಡೆಯನಿಲ್ಲದ ಅಂತರಂಗವನ್ನು ಬಸವಣ್ಣನವರು ನಮಗೆ ತೋರಿದ್ದಾರೆ. ಗೋಡೆಗೆ ಸುಣ್ಣ ಹೊಡೆಸಿದ ಮಾತ್ರಕ್ಕೆ ಮನೆಯಲ್ಲಿ ಒಡೆಯನಿದ್ದಾನೆಂದು ತಿಳಿಯಲಾಗದು. ಅಲ್ಲಿ ಮುಪ್ಪಿನವರ ಮಾತಿಗೆ ಕಿವಿಯಿದೆಯೇ, ದುಡಿದು ಬಂದವರಿಗೆ ಜಾತಿ ಕೇಳದೆ ಪಡಸಾಲೆಯಲ್ಲಿ ಕುಳಿತುಣ್ಣುವ ಎಡೆಯಿದೆಯೇ, ತವರಿಗೆ ಬಂದ ಮಗಳು ತಲೆಯೆತ್ತಿ ಒಳಗೆ ಬರುವಳೇ ಎಂದು ನೋಡಬೇಕು. ಇವು ಇದ್ದಲ್ಲಿ ಸೋರುವ ಮಾಳಿಗೆಯ ಮನೆಯೂ ಮಹಾಮನೆ. ಮಾಳಿಗೆಯನ್ನು ಮುಂದಿನ ಮಳೆಗೆ ಮುನ್ನ ರಿಪೇರಿ ಮಾಡಿಸಬಹುದು. ಅಕ್ಕತಂಗಿಯರ ಪಾಲಿನ ಮಾತನ್ನು ಮಾತ್ರ ಗೃಹಪ್ರವೇಶದ ದಿನಕ್ಕೆ ಮೊದಲೇ ಮುಗಿಸಿರಿ.