ತಪಾಸಣೆಯ ದಿನ

ತಪಾಸಣೆಯ ಅಧಿಕಾರಿಗಳು ಬರುವರೆಂಬ ಸುದ್ದಿ ಮುಟ್ಟಿದೊಡನೆ ಶಾಲೆಯ ರೂಪವೇ ಬದಲಾಗುವುದನ್ನು ಉಪಾಧ್ಯಾಯರಾದವರೆಲ್ಲರೂ ಬಲ್ಲರು. ಕರಿಹಲಗೆಗೆ ಹೊಸ ಬಣ್ಣ, ಹಾಜರಿ ಪುಸ್ತಕಕ್ಕೆ ಹೊಸ ರಟ್ಟು. ವೃತ್ತಿಗೆ ಸೇರಿದ ಹೊಸತರಲ್ಲಿ ನಾನೂ ಚೆನ್ನಾಗಿ ಓದುವ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅಕ್ಷರ ಕೂಡಿಸಲಾರದ ಹುಡುಗನೊಬ್ಬನಿಗೆ “ನಾಳೆ ಬರಬೇಡಪ್ಪ” ಎಂದಿದ್ದೆನು. ಅಧಿಕಾರಿಗಳು ಸಂತೋಷಪಟ್ಟು ಹೊರಟರು. ಅಂದು ನಾನು ವಂಚಿಸಿದ್ದು ಯಾರನ್ನು? ದೂರದೇಶದ ಬ್ಯಾಟರಿ ಕಾರ್ಖಾನೆಯೊಂದರ ವೃತ್ತಾಂತವನ್ನು ಓದಿದಾಗ ಈ ಪ್ರಶ್ನೆ ಮತ್ತೆ ಎದ್ದು ನಿಂತಿತು.

ದಕ್ಷಿಣ ಕೊರಿಯಾದ ಹ್ವಾಸೊಂಗ್ ನಗರದಲ್ಲಿರುವ ಅರಿಸೆಲ್ ಸಂಸ್ಥೆಯ ಕಾರ್ಖಾನೆಗೆ ೨೦೨೪ನೆಯ ಜೂನ್ ೨೪ರಂದು ಬೆಂಕಿ ಬಿದ್ದು ೨೩ ಮಂದಿ ಮಡಿದರು. ಅವರಲ್ಲಿ ೧೮ ಮಂದಿ ಹೊಟ್ಟೆಪಾಡಿಗೆ ಬಂದ ಪರದೇಶೀಯರು. ಅಲ್ಲಿ ತಯಾರಾಗುತ್ತಿದ್ದುದು ಲಿಥಿಯಂ ಬ್ಯಾಟರಿ. ಒಂದು ಒಳಗೇ ಕೆಟ್ಟು ಕಾದು ಸಿಡಿದರೆ ಅದರ ಕಾವಿಗೆ ಪಕ್ಕದ್ದು ಸಿಡಿಯುತ್ತದೆ. ಓಡಲು ದೊರೆಯುವುದು ಕೆಲವೇ ಕ್ಷಣಗಳು.

ಪೊಲೀಸರ ತನಿಖೆಯಿಂದ ತಿಳಿದುಬಂದ ಸಂಗತಿಗಳಿವು. ಸಂಸ್ಥೆಯು ಸೈನ್ಯಕ್ಕೆ ಬ್ಯಾಟರಿ ಒದಗಿಸುತ್ತಿತ್ತು. ೨೦೨೧ರಿಂದಲೂ ಗುಣಪರೀಕ್ಷೆಗೆಂದು ಆರಿಸಿದ ಮಾದರಿಗಳನ್ನು ಗುಟ್ಟಾಗಿ ಬದಲಿಸಿ ತೇರ್ಗಡೆಯಾಗುತ್ತಿತ್ತು. ೨೦೨೪ರ ಏಪ್ರಿಲಿನಲ್ಲಿ ಸರಕು ತಿರಸ್ಕೃತವಾಯಿತು. ತಡವಾದುದನ್ನು ತುಂಬಿಕೊಡಲು ಮೇ ತಿಂಗಳಿನಿಂದ ದಿನಕ್ಕೆ ೫,೦೦೦ ಬ್ಯಾಟರಿಗಳ ಗುರಿಯನ್ನಿಟ್ಟು, ಪಳಗದ ಕೈಗಳನ್ನು ಕೆಲಸಕ್ಕೆ ಹಚ್ಚಿತು. ಜೂನ್ ೨೨ರಂದೇ ಒಂದು ಬ್ಯಾಟರಿ ಹೊತ್ತಿಕೊಂಡಿತ್ತು. ಅಗ್ನಿಶಾಮಕ ದಳಕ್ಕೆ ತಿಳಿಸಲಿಲ್ಲ, ಕೆಲಸವೂ ನಿಲ್ಲಲಿಲ್ಲ. ಹೊರದಾರಿಯ ಬಾಗಿಲುಗಳಲ್ಲೊಂದು ಕಾಯಂ ನೌಕರರಿಗಷ್ಟೇ ತೆರೆಯುವಂಥದು. ಇಷ್ಟಾದರೂ ಈ ಸಂಸ್ಥೆಗೆ ೨೦೨೧ರಿಂದ ೨೦೨೩ರವರೆಗೆ, ಅಪಾಯಗಳನ್ನು ಚೆನ್ನಾಗಿ ಗುರುತಿಸುವುದೆಂಬ ಮನ್ನಣೆಯೂ ವಿಮೆಯ ಕಂತಿನಲ್ಲಿ ರಿಯಾಯಿತಿಯೂ ದೊರೆತಿದ್ದವು!

ಅಧಿಕಾರಿಯ ಭಯದಿಂದ ಮುಚ್ಚಿಡುವುದು ಮನುಷ್ಯಸಹಜವೆಂದು ಕೆಲವರು ಹೇಳಬಹುದು. ನಾನೂ ಹೆದರಿಯೇ ಹಾಗೆ ಮಾಡಿದೆನು. ಕೊರತೆಯನ್ನು ಕಂಡೊಡನೆ ದಂಡಿಸುವ, ನೆರವಾಗದ ತಪಾಸಣೆಯು ಸುಳ್ಳನ್ನು ಕಲಿಸುತ್ತದೆಂಬುದು ನಿಜ. ಆದರೆ ಭಯವು ಕಾರಣವಾದೀತೇ ಹೊರತು ಸಮರ್ಥನೆಯಾಗದು. ಏಕೆಂದರೆ ಹೆದರಿದವನು ಒಬ್ಬ, ಬೆಲೆ ತೆತ್ತವನು ಇನ್ನೊಬ್ಬ. ಮೋಸಹೋದ ಅಧಿಕಾರಿ ಸಂಜೆಗೆ ಮನೆ ಸೇರುವನು; ಮುಚ್ಚಿಟ್ಟ ಅಪಾಯದ ಪಕ್ಕದಲ್ಲಿ ಮರುದಿನ ನಿಲ್ಲುವವನು ಕೂಲಿಕಾರ.

ಆದುದರಿಂದ ತಪಾಸಣೆಗೆ ಬರುವವರು ಮುಂದಿನ ಸಾಲನ್ನು ಬಿಟ್ಟು ಹಿಂದಿನ ಸಾಲಿಗೆ ಹೋಗಬೇಕು. ನಿನ್ನೆ ಸೇರಿದ, ಭಾಷೆ ತಿಳಿಯದ ಕೆಲಸಗಾರನನ್ನು ಯಜಮಾನನಿಲ್ಲದೆಡೆಯಲ್ಲಿ ಕರೆದು, “ಬೆಂಕಿ ಎದ್ದರೆ ಯಾವ ಬಾಗಿಲಿಂದ ಓಡುವೆ?” ಎಂದು ಅವನ ನುಡಿಯಲ್ಲಿಯೇ ಕೇಳಬೇಕು. ಆ ಒಂದು ಉತ್ತರವು ನೂರು ದಾಖಲೆಗಳಿಗಿಂತ ಹೆಚ್ಚಿನದನ್ನು ತಿಳಿಸೀತು. ೨೦೨೫ರ ಸೆಪ್ಟೆಂಬರಿನಲ್ಲಿ ಸುವೋನ್ ಜಿಲ್ಲಾ ನ್ಯಾಯಾಲಯವು ಸಂಸ್ಥೆಯ ಮುಖ್ಯಸ್ಥನಿಗೆ ೧೫ ವರ್ಷಗಳ ಸೆರೆವಾಸವನ್ನು ವಿಧಿಸಿತು. ಶಿಕ್ಷೆ ಬೇಕಾದದ್ದೇ; ಆದರೆ ಈ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಕೆಲವರಾದರೂ ಉಳಿಯುತ್ತಿದ್ದರೇನೋ.

ನಾನು ಮನೆಯಲ್ಲಿರಿಸಿದ ಆ ಹುಡುಗನು ಈಗ ಪಟ್ಟಣದ ಒಂದು ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿರುವನೆಂದು ಕೇಳಿದ್ದೇನೆ. ಅಲ್ಲಿನ ಗೋಡೆಗಳ ಮೇಲೆಯೂ ಎಚ್ಚರಿಕೆಯ ಹಲಗೆಗಳಿರಬಹುದು. ಅವನಿಗೆ ಓದಲು ಬರುವುದೇ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.